ಎಲ್ಲವನ್ನೂ ಓದುತ್ತೇನೆ, ಬೇಕಿದ್ದರೆ ತಿದ್ದುತ್ತೇನೆ

ಮಹಡಿ ಮನೆ ಖಾಲಿ ಇದೆಯಂತೆ ಎಂದು ಮೊನ್ನೆ ಒಬ್ಬ ಹುಡುಗ ಬಂದಿದ್ದ. ಯಾವೂರು, ಯಾವ ಕಂಪನಿ, ಮದುವೆ ಆಗಿದೆಯಾ, ರಾತ್ರಿ ಎಷ್ಟು ಹೊತ್ತಿಗೆ ಬರ್ತೀಯಪ್ಪ, ಮೊಟ್ಟೆ ತಿಂತೀಯಾ? ಅರ್ಧ ಗಂಟೆ ವಿಚಾರಿಸಿ, ಆಧಾರ್ ಜೆರಾಕ್ಸ್ ಇಸಿದುಕೊಂಡು, "ಮನೆಯವಳನ್ನ ಕೇಳಿ ಹೇಳ್ತೀನಿ" ಎಂದು ಕಳಿಸಿದೆ. ಒಳಗೆ ಬಂದು ಲ್ಯಾಪ್‌ಟಾಪ್ ತೆರೆದು, ಕೂಪನ್ ಹುಡುಕಿಕೊಡುವ ಎಕ್ಸ್‌ಟೆನ್ಷನ್ ಒಂದನ್ನು ಬ್ರೌಸರ್‌ಗೆ ಸೇರಿಸಿಕೊಂಡೆ. ಅದಕ್ಕೆ ಹುಡುಗನ ಸಂಕೋಚವಿರಲಿಲ್ಲ. ನೀವು ಹೋಗುವ ಎಲ್ಲ ಜಾಲತಾಣಗಳಲ್ಲೂ ನಿಮ್ಮ ಮಾಹಿತಿಯನ್ನೆಲ್ಲ ಓದುತ್ತೇನೆ, ಬದಲಾಯಿಸುತ್ತೇನೆ ಎಂದು ಮುಖಕ್ಕೇ ಹೇಳಿತು. ಎಲ್ಲ ಎಂದರೆ ಬ್ಯಾಂಕಿನ ಪುಟ, ಟೈಪಿಸುವ ಪಾಸ್‌ವರ್ಡ್, ಡಾಕ್ಟರಿಗೆ ಬರೆದ ಮೇಲ್, ಎಲ್ಲ. ಇಷ್ಟು ಸತ್ಯವಂತ ಬಾಡಿಗೆದಾರ ಸಿಕ್ಕಿದ್ದೇ ಪುಣ್ಯ ಎಂದುಕೊಂಡು ಒಪ್ಪಿಗೆ ಒತ್ತಿದೆ.

ಕೀಲಿ ಕೊಟ್ಟಿದ್ದು ಯಾರಿಗೆ ಎಂಬುದು ಬೇರೆ ಮಾತು. ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಎಕ್ಸ್‌ಟೆನ್ಷನ್, ಸುಮ್ಮನೆ ತೆರೆದಿಟ್ಟ ಟ್ಯಾಬ್‌ಗಳನ್ನು ಮಲಗಿಸಿ ಕಂಪ್ಯೂಟರಿನ ಭಾರ ಇಳಿಸುತ್ತಿತ್ತು. ಸುಮಾರು 20 ಲಕ್ಷ ಜನ ನಂಬಿದ್ದರು. 2020ರಲ್ಲಿ ಅದನ್ನು ಕಟ್ಟಿದವರು ಗುರುತು ಹೇಳದ ಯಾರಿಗೋ ಮಾರಿದರು, 20 ಲಕ್ಷ ಮನೆಗಳ ಕೀಲಿಗೊಂಚಲಿನ ಸಮೇತ. ಎಕ್ಸ್‌ಟೆನ್ಷನ್‌ಗಳು ತಾವಾಗಿಯೇ ಅಪ್‌ಡೇಟ್ ಆಗುತ್ತವೆ. ಹೆಚ್ಚಿನ ಅನುಮತಿ ಬೇಕಾದರೆ ಮಾತ್ರ ಕೇಳುತ್ತವೆ. ಮೊದಲೇ ಎಲ್ಲವನ್ನೂ ಧಾರೆಯೆರೆದವನ ಬಳಿ ಹೆಚ್ಚಿಗೆ ಕೇಳಲು ಉಳಿದಿರುವುದಾದರೂ ಏನು? 2021ರ ಫೆಬ್ರುವರಿಯಲ್ಲಿ ಗೂಗಲ್, ಇದರಲ್ಲಿ ಮಾಲ್‌ವೇರ್ ಇದೆ ಎಂದು ಕಿತ್ತುಹಾಕಿತು. ಮಲಗಿದ್ದ ಟ್ಯಾಬ್‌ಗಳನ್ನು ಎಬ್ಬಿಸಲು ಜನ ಪರದಾಡಿದರು.

ಸೈಬರ್‌ಹೇವನ್ ಕತೆ ಇನ್ನೂ ಸೊಗಸು. ಅಮೆರಿಕದ ಈ ಕಂಪನಿಯ ಕಸುಬೇ ಬೇರೆ ಕಂಪನಿಗಳ ಮಾಹಿತಿ ಸೋರದಂತೆ ಕಾಯುವುದು. 2024ರ ಡಿಸೆಂಬರ್ 24ರಂದು ಅಲ್ಲಿನ ನೌಕರರೊಬ್ಬರಿಗೆ ಗೂಗಲ್ ವೇಷದ ಮೇಲ್ ಬಂತು: ನಿಮ್ಮ ಎಕ್ಸ್‌ಟೆನ್ಷನ್ ನಿಯಮ ಮೀರಿದೆ, ತೆಗೆದುಹಾಕುತ್ತೇವೆ. ಅವರು ಕೊಂಡಿ ಒತ್ತಿದರು, ಎದುರಾದ ಆ್ಯಪ್‌ಗೆ ಅನುಮತಿ ಕೊಟ್ಟರು. ಆ ಆ್ಯಪ್‌ನ ಹೆಸರು ‘ಪ್ರೈವಸಿ ಪಾಲಿಸಿ ಎಕ್ಸ್‌ಟೆನ್ಷನ್’. (ಕಳ್ಳರಿಗೂ ಹಾಸ್ಯಪ್ರಜ್ಞೆ ಇರುತ್ತದೆ.) ಖಾತೆಗೆ ಎರಡು ಹಂತದ ಬೀಗವಿತ್ತು, ಯಜಮಾನನೇ ಕೈಹಿಡಿದು ಒಳಗೆ ಕರೆದ ಮೇಲೆ ಬೀಗದ ತಂಟೆಗೆ ಯಾರು ಹೋಗುತ್ತಾರೆ? ಮರುದಿನ, ಕ್ರಿಸ್‌ಮಸ್ ರಜೆಯಲ್ಲಿ, ಆ ಕಾವಲುಗಾರ ಎಕ್ಸ್‌ಟೆನ್ಷನ್‌ನ ಕಳ್ಳ ಆವೃತ್ತಿ ಗೂಗಲ್‌ನ ಅಧಿಕೃತ ಅಂಗಡಿಯಿಂದಲೇ ಹೊರಟಿತು. ಬಳಸುವವರು ಸುಮಾರು 4 ಲಕ್ಷ. ಬೇಲಿ ಎದ್ದು ಹೊಲ ಮೇಯುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಬೇಲಿಗೆ ರಾತ್ರೋರಾತ್ರಿ ಹಲ್ಲು ಅಪ್‌ಡೇಟ್ ಆಗುವುದು ಗೊತ್ತಿರಲಿಲ್ಲ. ಇಷ್ಟಕ್ಕೂ ಅದು ಮೇಯಲು ಬಂದಿದ್ದು ಏನನ್ನು? ಫೇಸ್‌ಬುಕ್‌ನ ಜಾಹೀರಾತು ಖಾತೆಗಳನ್ನು!

ಹುಡುಗ ನಿನ್ನೆ ಫೋನ್ ಮಾಡಿದ್ದ. "ಅಂಕಲ್, ಮನೆ ವಿಷಯ ಏನಾಯ್ತು?"

"ಸ್ವಲ್ಪ ತಾಳಪ್ಪ, ನಿಮ್ಮೂರಿನ ಕಡೆಯವರು ಯಾರಾದ್ರೂ ಸಿಗ್ತಾರಾ ಅಂತ ನೋಡ್ತಿದೀನಿ" ಎಂದೆ. ಫೋನ್ ಇಡುವಷ್ಟರಲ್ಲಿ ಎಕ್ಸ್‌ಟೆನ್ಷನ್ ಒಂದು ಜೊತೆ ಚಪ್ಪಲಿಯ ಮೇಲೆ 40 ರೂಪಾಯಿ ಉಳಿಸಿಕೊಟ್ಟಿತ್ತು.