ನಗುವ ಕಂಪನಿಗೆ ಹೆದರಬೇಕು

ನೀರಾನೆಯ ಮೈ, ನಾಯಿಯ ಕಣ್ಣು, ಹೆಸರಿಗೆ ಮಾತ್ರ ಹಂದಿ. ಕೊರಿಯಾದ ಬೊಂಗ್ ಜೂನ್-ಹೋ 2017ರಲ್ಲಿ ಮಾಡಿದ ‘ಓಕ್ಜಾ’ ಸಿನಿಮಾದ ನಾಯಕಿ ಈಕೆ. ನಮ್ಮ ನಾಯಕಿಯರಂತೆ ಡಯಟ್ಟು ಗಿಯಟ್ಟು ಅಂತ ತಲೆ ಕೆಡಿಸಿಕೊಂಡವಳಲ್ಲ. ಬೆಟ್ಟದ ಮೇಲಿನ ಹೊಂಡಕ್ಕೆ ದಢಾರನೆ ಬೀಳುತ್ತಾಳೆ, ಮೀನುಗಳು ಹಾರಿ ದಡಕ್ಕೆ ಬೀಳುತ್ತವೆ, ಒಡತಿ ಮಿಜಾ ಆಯ್ದುಕೊಳ್ಳುತ್ತಾಳೆ. ಬಲೆ ಬೇಡ, ಗಾಳ ಬೇಡ!

ಹಂದಿಯನ್ನು ಕಳಿಸಿದ್ದು ಅಮೆರಿಕದ ಮಿರಾಂಡೊ ಕಂಪನಿ. 26 ದೇಶಗಳ 26 ರೈತರಿಗೆ ಒಂದೊಂದು ಮರಿ. ಹತ್ತು ವರ್ಷ ಸಾಕಿ, ಆಮೇಲೆ ಸ್ಪರ್ಧೆ, ಬಹುಮಾನ, ಮೆರವಣಿಗೆ. ಮೆರವಣಿಗೆಯ ನಂತರ ಎಲ್ಲಿಗೆ ಅನ್ನುವುದನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಕಂಪನಿಯ ಒಡತಿ ಲೂಸಿ ಮಿರಾಂಡೊ ವೇದಿಕೆ ಹತ್ತಿ ತನ್ನ ತಾತನೇ ಕೆಟ್ಟ ಮನುಷ್ಯನಾಗಿದ್ದ ಅನ್ನುತ್ತಾಳೆ. ಆಹಾ, ಎಂಥ ಪ್ರಾಮಾಣಿಕತೆ! ಅದೇ ಉಸಿರಿನಲ್ಲಿ, ಮೊದಲ ಮರಿ ಚಿಲಿ ದೇಶದ ತೋಟದಲ್ಲಿ ತಾನಾಗಿ ಸಿಕ್ಕಿತು ಅಂತ ರೈಲು ಬಿಡುತ್ತಾಳೆ. ಅಸಲಿಗೆ ಅದು ಹುಟ್ಟಿದ್ದು ಲ್ಯಾಬಿನಲ್ಲಿ.

ಲೂಸಿಗೆ ನ್ಯಾನ್ಸಿ ಅಂತ ಅವಳಿ ಸೋದರಿ. ಎರಡು ಪಾತ್ರವೂ ಟಿಲ್ಡಾ ಸ್ವಿಂಟನ್ನಳದೇ. ನ್ಯಾನ್ಸಿಗೆ ಪರಿಸರ ಗಿರಿಸರದ ಸೋಗಿಲ್ಲ. ಅಗ್ಗವಾಗಿದ್ದರೆ ಜನ ತಿಂತಾರೆ, ಅಷ್ಟೇ ಲೆಕ್ಕ. ಕೊನೆಗೆ ಓಕ್ಜಾ ಉಳಿಯುವುದು ಕಣ್ಣೀರಿನಿಂದಲ್ಲ, ಹೋರಾಟದಿಂದಲೂ ಅಲ್ಲ. ಮಿಜಾ ಚಿನ್ನದ ಹಂದಿಯೊಂದನ್ನು ನ್ಯಾನ್ಸಿಯತ್ತ ಎಸೆಯುತ್ತಾಳೆ, ವ್ಯಾಪಾರ ಕುದುರುತ್ತದೆ. ಆ ಚಿನ್ನದ ಹಂದಿ ಎಲ್ಲಿಂದ ಬಂತು ಅಂದಿರಾ? ಹುಡುಗಿಯ ಮದುವೆಗಾದರೂ ಆದೀತು ಅಂತ ಮಿಜಾಳ ತಾತ ಮಾಡಿಸಿ ಇಟ್ಟಿದ್ದ! ತಾತಂದಿರು ಎಲ್ಲ ಊರಲ್ಲೂ ಒಂದೇ ನೋಡಿ. ನನಗಂತೂ ಮುಖಕ್ಕೆ ಹೊಡೆದಂತೆ ರೇಟು ಹೇಳುವ ನ್ಯಾನ್ಸಿಗಿಂತ, ಹಲ್ಲಿಗೆ ಕ್ಲಿಪ್ಪು ಹಾಕಿಕೊಂಡು ಪ್ರೀತಿ ಹಂಚುವ ಲೂಸಿಯನ್ನು ಕಂಡರೇ ಎದೆ ಝಲ್ಲೆನ್ನುತ್ತದೆ. ಪೊಟ್ಟಣದ ಮೇಲೆ ಹಸಿರು ಎಲೆ, ನಗುವ ಹಸು ಕಂಡಾಗಲೆಲ್ಲ ಈಗ ಆ ಕ್ಲಿಪ್ಪೇ ನೆನಪು.

ಪ್ರಾಣಿಪ್ರಿಯರನ್ನೂ ಬೊಂಗ್ ಬಿಟ್ಟಿಲ್ಲ. ಅವರ ಗುಂಪಿನಲ್ಲೊಬ್ಬ ಭೂಮಿಗೆ ಭಾರವಾಗಬಾರದು ಅಂತ ಟೊಮೆಟೊ ತಿನ್ನಲೂ ಹಿಂದೆಮುಂದೆ ನೋಡಿ ನಿಂತಲ್ಲೇ ತೂರಾಡುತ್ತಾನೆ. ಮಿಜಾಳೇನು ಸಸ್ಯಾಹಾರಿಯಲ್ಲ, ಅವಳಿಗೆ ಕೋಳಿ ಸಾರೆಂದರೆ ಪ್ರಾಣ. ಇಷ್ಟು ನಗಿಸಿ ಆಮೇಲೆ ಕಸಾಯಿಖಾನೆಯ ಬೇಲಿಯ ಹತ್ತಿರ ತಂದು ನಿಲ್ಲಿಸುತ್ತಾನೆ ಪುಣ್ಯಾತ್ಮ. ಒಳಗಿನ ಜೋಡಿ ಹಂದಿಗಳು ತಮ್ಮ ಮರಿಯನ್ನು ತಂತಿಬೇಲಿಯ ಸಂದಿಯಿಂದ ಹೊರಗೆ ತಳ್ಳುತ್ತವೆ. ಓಕ್ಜಾ ಅದನ್ನು ಬಾಯೊಳಗೆ ಬಚ್ಚಿಟ್ಟುಕೊಂಡು, ಏನೂ ಅರಿಯದವಳಂತೆ ಕಾವಲುಗಾರರ ಮುಂದೆಯೇ ನಡೆದು ಹೋಗುತ್ತಾಳೆ. ಇಡೀ ಚಿತ್ರದಲ್ಲಿ ಕಂಪನಿಗೆ ಟೋಪಿ ಹಾಕಿ ದಕ್ಕಿಸಿಕೊಂಡವಳು ಅವಳೊಬ್ಬಳೇ.

ನೋಡುವುದಾದರೆ ಊಟ ಮುಗಿಸಿಕೊಂಡೇ ಕೂತುಕೊಳ್ಳಿ. ಹೆಸರುಗಳು ಓಡತೊಡಗಿದ ಕೂಡಲೇ ಟೀವಿ ಆರಿಸಬೇಡಿ. ಅದಾದ ಮೇಲೂ ಒಂದು ದೃಶ್ಯವಿದೆ.