ಮುಚ್ಚಿಗೆಗೆ ದಾನಿಗಳಿಲ್ಲ

ಬೇಗೂರಿನ ನಮ್ಮ ಭಜನಾ ಮಂಡಳಿಗೆ ನಾನು ಖಜಾಂಚಿ. ಖಜಾನೆ ಎಂದರೆ ಒಂದು ಹಳೇ ಬಿಸ್ಕತ್ತಿನ ಡಬ್ಬ. ಅದರಲ್ಲಿ ರಶೀದಿ ಪುಸ್ತಕ, ಮೊಹರು, ಒಣಗಿದ ಇಂಕ್ ಪ್ಯಾಡು, ಮಂಗಳಾರತಿ ತಟ್ಟೆಗೆ ಯಾರೋ ಪುಣ್ಯಾತ್ಮರು ಹಾಕಿದ ಹರಕು ಹತ್ತರ ನೋಟು.

ಹಾಗಂತ ನಮ್ಮದು ಬಡ ಮಂಡಳಿಯಲ್ಲ. ಗೋಡೆ ಗಡಿಯಾರಗಳೇ ಮೂರಿವೆ, ಮೂರೂ ದಾನಿಗಳ ಹೆಸರು ಹೊತ್ತು ಒಂದನೇ, ಎರಡನೇ, ಮೂರನೇ ಕಾಲದಲ್ಲಿ ನಡೆಯುತ್ತಿವೆ. ಇಲ್ಲದಿರುವುದು ಮೃದಂಗಕ್ಕೆ ಮುಚ್ಚಿಗೆ. ಬಲಮುಚ್ಚಿಗೆ ಅಂಚಿನಲ್ಲಿ ಬಿರಿದು, ‘ತಾ’ ಎಂದು ಹೊಡೆದರೆ ‘ಥೂ’ ಅನ್ನುತ್ತದೆ. ನಾನು ಆಯವ್ಯಯ ಓದುವಾಗ ಮಾತ್ರ ಅದು ಶ್ರುತಿ ಸೇರಿದಂತೆ ಕೇಳಿಸುತ್ತದೆ.

ಚೆಂಡುಹೂವಿನ ವ್ಯಾಪಾರದ ಯಜಮಾನರೊಬ್ಬರನ್ನು ಕೇಳಿದೆ.

“ಕೊಡ್ಸನ ಬುಡಿ. ಹೆಸ್ರು ಎಲ್ಲಿ ಬರುಸ್ತೀರಿ?”

“ಚರ್ಮದ ಮೇಲೆ ಆಗಲ್ಲ ಯಜಮಾನ್ರೇ, ನಡುವೆ ಕರಣೆ ಇರ್ತದೆ.”

“ಆ ಕಪ್ಪ ಒರೆಸ್ಬುಟ್ರೆ ಆಯ್ತಪ್ಪ!”

ಸರ್ಕಾರದ ಅನುದಾನ ಕೇಳೋಣವೆಂದರೆ ಮೊದಲು ನೋಂದಣಿ. 1960ರ ಸಂಘಗಳ ನೋಂದಣಿ ಕಾಯ್ದೆಗೆ ಕನಿಷ್ಠ ಏಳು ಜನ ಬೇಕು. ಹಾಡುವವರು ನಾಲ್ವರು, ಉಳಿದ ಮೂವರು ಸಹಿಗೆ. ಇಡೀ ಮಂಡಳಿಯಲ್ಲಿ ಅಪಸ್ವರವಿಲ್ಲದೆ ಕೆಲಸ ಮಾಡುವವರು ಈ ಮೂವರೇ. ಆಮೇಲೆ ವರ್ಷಾವರ್ಷ ಲೆಕ್ಕಪತ್ರ. ನಮ್ಮಲ್ಲಿ ದುಡ್ಡಿಲ್ಲವೆಂದು ಆಡಿಟರ ಕೈಲಿ ಬರೆಸಿಕೊಳ್ಳುವುದಕ್ಕೂ ದುಡ್ಡು ಬೇಕು.

ಸಂಗೀತಕ್ಕೆ ಕೊಡುವವರು ನಮ್ಮ ಸೀಮೆಯಲ್ಲಿ ಇರಲೇ ಇಲ್ಲವೆಂದಲ್ಲ. ಹಿಂದೆ ನಮ್ಮೂರ ಊಟಿ ರಸ್ತೆಯಲ್ಲೇ ಮೈಸೂರು ಅರಮನೆಯ ಕಾರುಗಳು ಫರ್ನ್‌ಹಿಲ್ ಅರಮನೆಗೆ ಓಡಾಡುತ್ತಿದ್ದವು. ಆ ಅರಮನೆಯ ಮಹಾರಾಜ ಜಯಚಾಮರಾಜ ಒಡೆಯರ್ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ಅಲ್ಲಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸರ ಕಡೆಯ ನಾಲ್ಕು ಗೀತೆಗಳನ್ನು ಮೊದಲ ಬಾರಿ ಹಾಡಿದಾಗ, ನಷ್ಟವಾದೀತೆಂದು 4,800 ಡಾಲರಿನ ಖಾತರಿ ಕೊಟ್ಟವರು ಇವರೇ. ಸ್ಟ್ರಾಸ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮಹಾರಾಜರಿಗೂ ಹೋಗಲಾಗಲಿಲ್ಲ. ಧ್ವನಿಮುದ್ರಣ ಮಾಡಿ ಅವರಿಗೆ ಕಳಿಸುವ ಏರ್ಪಾಡಾಯಿತು.

ಯಾರಿಗಾದರೂ ಮನಸ್ಸು ಕರಗೀತೆಂದು ಇದನ್ನು ಕಾರ್ಯಕಾರಿ ಸಮಿತಿಯಲ್ಲಿ ವಿವರವಾಗಿ ಹೇಳಿದೆ. ಎಲ್ಲರೂ ತಲೆದೂಗಿದರು. ಅಧ್ಯಕ್ಷರು ಮಾತ್ರ ಬಹಳ ಹೊತ್ತು ಯೋಚಿಸಿ ಕೇಳಿದರು:

“ದೊರೆಗಳು ಹೋಗ್ನೇ ಇಲ್ವಾ? ಹಂಗಾದ್ರೆ ಶಾಲು ಯಾರ್ಗೆ ಹೊದಿಸುದ್ರು?”