ಸೂರ್ಯಾಸ್ತದ ನೋಟಕ್ಕೆ ಹೆಚ್ಚುವರಿ ಶುಲ್ಕ

ಅಪಾರ್ಟ್‌ಮೆಂಟ್ ಮಾರುವವರು ದಿಕ್ಕುಗಳಿಗೂ ದರ ಕಟ್ಟುತ್ತಾರೆ. ಪೂರ್ವಕ್ಕೆ ಬಾಗಿಲಿದ್ದರೆ ವಾಸ್ತುವಿನ ಹೆಸರಲ್ಲಿ ಒಂದಿಷ್ಟು, ಮೂಲೆ ಮನೆಯಾದರೆ ಗಾಳಿಯ ಹೆಸರಲ್ಲಿ ಇನ್ನೊಂದಿಷ್ಟು. ಬೆಂಗಳೂರಿನ ನಮ್ಮ ಮನೆಯ ಬಾಗಿಲು ಪೂರ್ವಕ್ಕಿದೆ. ಹಾಗಾಗಿ ಹಾಲಿನ ದೊಡ್ಡ ಕಿಟಕಿ ಪಶ್ಚಿಮಕ್ಕೆ ಬಂತು. ಬಿಲ್ಡರ್ ಅದನ್ನೂ ಬಿಡಲಿಲ್ಲ. ಬ್ರೋಷರ್‌ನಲ್ಲಿ ‘ಸೂರ್ಯಾಸ್ತದ ನೋಟ’ ಎಂದು ಅಚ್ಚು ಹಾಕಿಸಿ, ಚದರಡಿ ಲೆಕ್ಕದಲ್ಲಿ ಹೆಚ್ಚುವರಿ ವಸೂಲು ಮಾಡಿದ. ಮೋಸವೇನೂ ಆಗಿಲ್ಲ. ಕೊಟ್ಟ ದುಡ್ಡಿಗಿಂತ ಹೆಚ್ಚೇ ಸಿಕ್ಕಿದೆ. ಏಪ್ರಿಲ್‌ನಲ್ಲಿ ನಮ್ಮ ಮನೆಯ ಸೂರ್ಯಾಸ್ತ ಮಧ್ಯಾಹ್ನ ಎರಡಕ್ಕೇ ಶುರುವಾಗಿ ಸಂಜೆ ಆರೂವರೆಯವರೆಗೂ ನಡೆಯುತ್ತದೆ.

“ರೀ, ಸಂಡಿಗೆ ಒಣಗಿಸೋಕೆ ಟೆರೇಸಿಗೆ ಯಾಕೆ ಹತ್ತಬೇಕು?” ಎಂದು ಕೇಳಿದ ನನ್ನ ಹೆಂಡತಿ, ಉತ್ತರಕ್ಕೆ ಕಾಯದೆ ಹಾಲಿನಲ್ಲೇ ಹಳೆ ಪಂಚೆ ಹಾಸಿ ಸಾಲಾಗಿ ಸಂಡಿಗೆ ಇಟ್ಟಳು. ಕಾಗೆಯ ಕಾಟವಿಲ್ಲ, ಕೋಲು ಹಿಡಿದು ಕಾಯುವವರು ಬೇಕಿಲ್ಲ. ಸಂಡಿಗೆ ಬೇಗ ಒಣಗಿತು. ಅದರ ಪಕ್ಕ ಕೂತು ಪೇಪರ್ ಓದುತ್ತಿದ್ದ ನಾನೂ ಒಣಗಿದೆ.

ಪಕ್ಕದ ಮನೆಯಲ್ಲಿ ರಾಯಚೂರಿನವರೊಬ್ಬರಿದ್ದಾರೆ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ನೋಡಿಕೊಂಡು ನಿವೃತ್ತರಾದವರು. ಮಕ್ಕಳ ಬಾಯಲ್ಲಿ ಬಾಯ್ಲರ್ ಕಾಕಾ. ಬೆಂಗಳೂರಿನವರು ಬಿಸಿಲು ಎಂದಾಗಲೆಲ್ಲ ಅವರಿಗೆ ನಗು. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಯಿತು ಎಂದು ನಾವು ಈಗಲೂ ಗಂಭೀರವಾಗಿ ಹೇಳಿಕೊಳ್ಳುತ್ತೇವಲ್ಲ, “ಅದಕ್ಕ ನಮ್ಮೂರಾಗ ತಂಪು ಅಂತಾರ್ರಿ ಸರ” ಎಂದು ಮುಗಿಸಿಬಿಡುತ್ತಾರೆ. ಆದರೆ ನಮ್ಮ ಹಾಲಿಗೆ ಬಂದು ಸೋಫಾದ ಮೇಲೆ ಕೂತವರು ಕೂತಷ್ಟೇ ವೇಗದಲ್ಲಿ ಎದ್ದರು. “ಇದು ಬ್ಯಾರೆ ಅದ ಬಿಡ್ರಿ” ಎಂದು ಒಪ್ಪಿಕೊಂಡು, ಪೆನ್ನು ಕೇಳಿ, ನಾನು ಓದುತ್ತಿದ್ದ ಪೇಪರಿನ ಅಂಚಿನಲ್ಲೇ ಲೆಕ್ಕ ಹಾಕಿದರು.

ಲೆಕ್ಕ ಹೀಗೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದ ಆಸುಪಾಸು. ಏಪ್ರಿಲ್ 24ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಆಗ ಕಾಯುವುದು ತಾರಸಿ. ಕಿಟಕಿಯ ಮೇಲಿನ ಸಜ್ಜಾ ತನ್ನ ಕರ್ತವ್ಯ ಮಾಡುತ್ತದೆ. ಆದರೆ ನಾಲ್ಕು ಗಂಟೆಗೆ ಸೂರ್ಯ ಓರೆಯಾಗಿ ಇಳಿದಾಗ ಎರಡಡಿ ಸಜ್ಜಾದಿಂದ ಗಾಜಿನ ಮೇಲಿನ ಒಂದೂವರೆ ಅಡಿಗೂ ನೆರಳು ಸಿಗದು. ಐದಡಿ ಅಗಲ, ನಾಲ್ಕಡಿ ಎತ್ತರದ ಬರಿಯ ಗಾಜಿನಿಂದ ಹತ್ತತ್ತಿರ ಒಂದು ಕಿಲೋವ್ಯಾಟ್ ಶಾಖ ಒಳಕ್ಕೆ ನುಗ್ಗುತ್ತದೆ. ಒಂದು ಟನ್ ಎ.ಸಿ. ಹೊರಹಾಕುವುದು ಮೂರೂವರೆ ಕಿಲೋವ್ಯಾಟ್. ಅಂದರೆ ಎ.ಸಿ. ತಂದರೂ ಅದರ ಕಾಲು ಭಾಗ ಸೂರ್ಯಾಸ್ತದ ನೋಟವನ್ನು ಸಾಕುವುದಕ್ಕೇ ಸರಿ. ಪರದೆ ಎಳೆದರಾಯಿತಲ್ಲ ಎಂದೆ. ಬಿಸಿಲು ಗಾಜು ದಾಟಿ ಬಂದಾದ ಮೇಲೆ ಎಳೆಯುವ ಪರದೆ ತಾನೇ ಕಾಯುತ್ತದೆ; ಅದು ಉಗುಳುವ ಶಾಖದ ಅಲೆಗಳನ್ನು ಗಾಜು ಹೊರಗೆ ಬಿಡುವುದಿಲ್ಲ. ತಡೆಯುವುದಿದ್ದರೆ ಗಾಜಿನಲ್ಲೇ ತಡೆಯಬೇಕು, ಇಲ್ಲವೇ ಅದಕ್ಕೂ ಹೊರಗೆ.

ಹೊರಗೆ ಎಂದರೆ ಬಿದಿರಿನ ಪರದೆ, ಲಾವಂಚದ ತಟ್ಟಿ. ಕಾಕಾ ತಮ್ಮ ಬಾಲ್ಕನಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದ್ದರು. ಘಮ ನಮ್ಮ ಮನೆಗೂ ಬರುವುದರಲ್ಲಿತ್ತು. ಅದಕ್ಕಿಂತ ಮೊದಲು ಅಸೋಸಿಯೇಷನ್ನಿನ ನೋಟಿಸ್ ಬಂತು: ಕಟ್ಟಡದ ಹೊರನೋಟದ ಏಕರೂಪತೆಗೆ ಧಕ್ಕೆ. ಬಾಲ್ಕನಿಯಲ್ಲಿ ನೇತಾಡುವ ಟವೆಲ್, ಬನಿಯನ್ನುಗಳಿಂದ ಧಕ್ಕೆಯಿಲ್ಲ, ಅವು ಎಲ್ಲ ಬಾಲ್ಕನಿಗಳಲ್ಲೂ ಏಕರೂಪವಾಗಿವೆ. ಹೀಗೆ ನಮಗೆ ಉಳಿದ ದಾರಿ ಗಾಜಿಗೆ ಫಿಲ್ಮ್ ಅಂಟಿಸುವುದು.

ನಾನು, ಹೆಂಡತಿ, ಕಾಕಾ ಜೆ.ಸಿ. ರಸ್ತೆಗೆ ಹೋದೆವು. ಕಾರಿನ ಅಲಂಕಾರಕ್ಕೆ ಹೆಸರಾದ ರಸ್ತೆ ಅದು. ಕಾರಿನ ಗಾಜಿಗೆ ಫಿಲ್ಮ್ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಮನೆ ಕಿಟಕಿಯ ಬಗ್ಗೆ ಹಾಗೊಂದು ಆದೇಶ ಇದ್ದಿದ್ದರೆ ನಮಗೆ ಆ ಮಧ್ಯಾಹ್ನ ಉಳಿಯುತ್ತಿತ್ತು.

ಅಂಗಡಿಯ ಹುಡುಗ ಮೊದಲು ತೋರಿಸಿದ್ದೇ ‘ಸ್ಮಾರ್ಟ್ ಫಿಲ್ಮ್’. ರಿಮೋಟ್ ಒತ್ತಿದ, ತಿಳಿಯಾಗಿದ್ದ ಗಾಜು ಹಾಲುಬಣ್ಣಕ್ಕೆ ತಿರುಗಿತು. ಮತ್ತೆ ಒತ್ತಿದ, ತಿಳಿಯಾಯಿತು. ಹೆಂಡತಿಯ ಮುಖ ಅರಳಿದ್ದನ್ನು ನೋಡಿ ನನಗೆ ಬೆಲೆ ಕೇಳುವ ಧೈರ್ಯ ಬರಲಿಲ್ಲ. ಕಾಕಾ ಮಾತ್ರ ವಿಚಾರಣೆಗೆ ಇಳಿದರು. ಆ ಪದರದೊಳಗೆ ದ್ರವ ಹರಳುಗಳ ಸಣ್ಣ ಸಣ್ಣ ಹನಿಗಳಿರುತ್ತವಂತೆ. ಕರೆಂಟ್ ಹರಿದಾಗ ಹರಳುಗಳು ಶಿಸ್ತಾಗಿ ಒಂದೇ ದಿಕ್ಕಿಗೆ ನಿಂತು ಬೆಳಕಿಗೆ ದಾರಿ ಬಿಡುತ್ತವೆ. ಕರೆಂಟ್ ನಿಂತರೆ ಅಡ್ಡಾದಿಡ್ಡಿಯಾಗಿ ಬೆಳಕನ್ನು ಚದುರಿಸುತ್ತವೆ. ಅಂದರೆ ಹೊರಗಿನದು ಕಾಣಬೇಕೆಂದರೆ ಮೀಟರ್ ಓಡುತ್ತಲೇ ಇರಬೇಕು. ಕರೆಂಟ್ ಹೋದರೆ ಸೂರ್ಯಾಸ್ತದ ನೋಟವೂ ಹೋಯಿತು.

“ಬೆಳಕ ಚದುರಸ್ತದ. ವಾಪಸ್ ಕಳಸ್ತದೇನು?” ಎಂದರು ಕಾಕಾ.

ಹುಡುಗ ಮತ್ತೊಮ್ಮೆ ರಿಮೋಟ್ ಒತ್ತಿದ.

ಚದುರಿದ ಬೆಳಕಿನ ಬಹುಪಾಲು ಒಳಗೇ ಬರುತ್ತದೆ. ಎದುರು ಮನೆಯವರ ಕಣ್ಣು ತಪ್ಪಿಸುವುದಕ್ಕೆ ಈ ಫಿಲ್ಮ್ ಸೊಗಸು, ಸೆಕೆ ತಪ್ಪಿಸುವುದಕ್ಕೆ ಅಲ್ಲ. ಬಿಸಿಯಾದಾಗ ತಾನಾಗಿಯೇ ಶಾಖ ತಡೆಯುವ ಜಾತಿಯೂ ಇದೆ. ವೆನೇಡಿಯಂ ಡೈಆಕ್ಸೈಡ್ ಎಂಬ ವಸ್ತು 68 ಡಿಗ್ರಿ ದಾಟಿದರೆ ಅತಿಗೆಂಪು ಕಿರಣಗಳಿಗೆ ಅಡ್ಡ ನಿಲ್ಲುತ್ತದೆ. ಟಂಗ್‌ಸ್ಟನ್ ಬೆರೆಸಿ ಆ ಮಟ್ಟವನ್ನು ಇಳಿಸುತ್ತಾರೆ. “ಅರವತ್ತೆಂಟಕ್ಕ ಅದಕ್ಕ ಬುದ್ಧಿ ಬರೂದ್ರಾಗ ನಾವು ಬೆಂದಿರತೀವಿ” ಎಂದು ಕಾಕಾ ಅದನ್ನೂ ತಳ್ಳಿಹಾಕಿದರು.

ಮುಂದಿನದು ಕನ್ನಡಿ ಫಿಲ್ಮ್. ಇದರ ಮಹಿಮೆ ನಮಗೆ ಗೊತ್ತಿತ್ತು, ಎದುರು ಬ್ಲಾಕಿನವರೊಬ್ಬರು ಹಾಕಿಸಿದ್ದರು. ಶಾಖವನ್ನು ಚೆನ್ನಾಗಿಯೇ ವಾಪಸ್ ಕಳಿಸುತ್ತದೆ, ಸುಳ್ಳಲ್ಲ. ಹಗಲಲ್ಲಿ ಪಿಕಳಾರ ಹಕ್ಕಿಯೊಂದು ತನ್ನ ಬಿಂಬವನ್ನೇ ಎದುರಾಳಿ ಎಂದುಕೊಂಡು ಆ ಗಾಜನ್ನು ಕುಟುಕುತ್ತ ಕೂರುತ್ತಿತ್ತು. ಮನೆಯ ಯಜಮಾನರು ಹೊರಗಿನಿಂದ ಏನೂ ಕಾಣದು ಎಂಬ ನೆಮ್ಮದಿಯಲ್ಲಿದ್ದರು. ಆದರೆ ಕನ್ನಡಿತನ ಯಾವಾಗಲೂ ಬೆಳಕು ಹೆಚ್ಚಿರುವ ಕಡೆಗೆ ಇರುತ್ತದೆ. ಸಂಜೆ ಒಳಗೆ ದೀಪ ಹಾಕಿದೊಡನೆ ಒಳಗಿನವರಿಗೆ ಅವರ ಮುಖವೇ ಕಾಣಿಸಿ, ಹೊರಗಿನವರಿಗೆ ಇಡೀ ಹಾಲು ಟೆಂಟ್ ಸಿನಿಮಾದಂತೆ ತೆರೆದುಕೊಳ್ಳುತ್ತದೆ. ಚಡ್ಡಿ ತೊಟ್ಟು ಡಂಬೆಲ್ಸ್ ಎತ್ತಿ, ಕನ್ನಡಿಯ ಮುಂದೆ ತೋಳು ಉಬ್ಬಿಸಿ ನೋಡಿಕೊಳ್ಳುತ್ತಿದ್ದ ಆ ಹಿರಿಯರಿಗೆ ನಮ್ಮ ಬ್ಲಾಕಿನಲ್ಲಿ ಅಷ್ಟೊಂದು ಪ್ರೇಕ್ಷಕರಿದ್ದಾರೆಂದು ಯಾರೂ ಹೇಳಲಿಲ್ಲ. ಹೇಳಿದರೆ ಪ್ರದರ್ಶನ ನಿಲ್ಲುತ್ತದಲ್ಲ.

ಕಡೆಗೆ ಹುಡುಗ ತನ್ನ ಬ್ರಹ್ಮಾಸ್ತ್ರ ತೆಗೆದ. ಒಂದು ಅತಿಗೆಂಪು ಬಲ್ಬು, ಅದರ ಮುಂದೆ ಎರಡು ಗಾಜಿನ ತುಂಡು. ಬರಿಯ ಗಾಜಿನ ಹಿಂದೆ ಕೈಯಿಟ್ಟರೆ ಸುಡುತ್ತದೆ, ಫಿಲ್ಮ್ ಅಂಟಿಸಿದ ಗಾಜಿನ ಹಿಂದೆ ತಣ್ಣಗೆ. “ಶೇಕಡಾ 99 ಹೀಟ್ ಕಟ್ ಸಾರ್!” ಹೆಂಡತಿ ಪರ್ಸಿನ ಜಿಪ್‌ಗೆ ಕೈ ಹಾಕಿದಳು.

ಕಾಕಾ ಬಲ್ಬಿನ ಕಡೆ ಬೆರಳು ತೋರಿಸಿ ಕೇಳಿದರು, “ಇದೇನು ಸೂರ್ಯನೇನಪ್ಪ?”

ಪ್ರಶ್ನೆ ಚಿಕ್ಕದು, ಅಂಗಡಿಯ ವ್ಯಾಪಾರವೆಲ್ಲ ಅದರ ಮೇಲೆ ನಿಂತಿದೆ. ಆ ಬಲ್ಬು ಕೊಡುವುದು ಬಹುಮಟ್ಟಿಗೆ ಅತಿಗೆಂಪನ್ನೇ. ನೆಲಕ್ಕೆ ತಲುಪುವ ಬಿಸಿಲಿನ ಶಕ್ತಿಯಲ್ಲಿ ಅತಿಗೆಂಪು ಸುಮಾರು ಅರ್ಧ. ಶೇಕಡಾ ನಲವತ್ತಕ್ಕೂ ಹೆಚ್ಚು ಕಣ್ಣಿಗೆ ಕಾಣುವ ಬೆಳಕು. ಉಳಿದ ಚೂರು ನೇರಳಾತೀತ. ಕಾಣುವ ಬೆಳಕೂ ಸೋಫಾದ ಮೇಲೆ ಬಿದ್ದು ಹೀರಿಕೆಯಾದ ಮೇಲೆ ಶಾಖವೇ. ಅತಿಗೆಂಪನ್ನೆಲ್ಲ ತಡೆದು ಬೆಳಕನ್ನೆಲ್ಲ ಬಿಡುವ ಫಿಲ್ಮ್ ಇದ್ದರೂ ನಲವತ್ತು ಪಾಲು ಬಿಸಿಲು ಒಳಗಿರುತ್ತದೆ. ಇನ್ನೊಂದು ಕೈಚಳಕವೂ ಉಂಟು: ಅತಿಗೆಂಪಿನ ಪೂರ್ತಿ ಹರವನ್ನು ಅಳೆಯದೆ, ಫಿಲ್ಮ್ ಚೆನ್ನಾಗಿ ತಡೆಯುವ ಕಿರಿದಾದ ಪಟ್ಟಿಯನ್ನಷ್ಟೇ ಅಳೆದು 99 ಎಂದು ಅಚ್ಚು ಹಾಕುವುದು. ನೇರಳಾತೀತ ಶೇಕಡಾ 99 ತಡೆಯುವುದೇನೋ ನಿಜ. ಅದರಿಂದ ಸೋಫಾದ ಬಣ್ಣ ಹೆಚ್ಚು ಕಾಲ ಬಾಳುತ್ತದೆ, ಅದರ ಮೇಲೆ ಕೂತವನ ಸೆಕೆ ಮಾತ್ರ ಹೆಚ್ಚೇನೂ ಇಳಿಯದು.

ಕೇಳಬೇಕಾದ ಅಂಕಿ ಬೇರೆ. ಒಟ್ಟು ಸೌರಶಕ್ತಿಯಲ್ಲಿ ಎಷ್ಟು ಪಾಲು ತಡೆಯುತ್ತದೆ? ಕಂಪನಿಯ ಪಟ್ಟಿಯಲ್ಲಿ ಇದು ಟಿ.ಎಸ್.ಇ.ಆರ್. ಎಂಬ ಹೆಸರಲ್ಲಿ ಕೊನೆಯ ಕಾಲಮ್ಮಿನಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಅದೇ 99ರ ಫಿಲ್ಮಿಗೆ ಅಲ್ಲಿ 55 ಎಂದಿತ್ತು. ಹುಡುಗನ ಮುಖ ಬಾಡಿತು, ನಮಗೆ ಮಾತ್ರ ಅದೇ ಫಿಲ್ಮ್ ಇಷ್ಟವಾಯಿತು. ಕನ್ನಡಿಯಲ್ಲ, ಕಗ್ಗತ್ತಲಲ್ಲ, ರಿಮೋಟಿಲ್ಲ. ಕಪ್ಪಗಿನದು ಅಗ್ಗವಾಗಿ ಸಿಗುತ್ತಿತ್ತು. ಆದರೆ ಶಾಖವನ್ನು ತಾನೇ ಹೀರಿಕೊಳ್ಳುವ ಫಿಲ್ಮ್ ಅಂಟಿದ ಗಾಜು ನಡುವೆ ಕಾದು, ಚೌಕಟ್ಟಿನೊಳಗಿನ ಅಂಚು ತಣ್ಣಗೇ ಉಳಿದು, ಕೆಲವೊಮ್ಮೆ ಬಿರುಕು ಬಿಡುವುದುಂಟು.

ಅಂಟಿಸಲು ಬಂದವರು ಸೋಪಿನ ನೀರು ಚಿಮುಕಿಸಿ, ರಬ್ಬರ್ ಪಟ್ಟಿಯಿಂದ ಗುಳ್ಳೆಗಳನ್ನು ಅಂಚಿಗೆ ತಳ್ಳಿ, ಕೆಲವು ವಾರ ಕಿಟಕಿ ಒರೆಸಲೇಬಾರದು ಎಂದು ತಾಕೀತು ಮಾಡಿದರು. ಆ ವಿಷಯದಲ್ಲಿ ನಮ್ಮ ಮನೆಯವರಿಗೆ ಹೊರಗಿನ ತರಬೇತಿ ಬೇಕಿರಲಿಲ್ಲ.

ಹಾಲು ಊಟಿಯಾಗಿಲ್ಲ. ನಾಲ್ಕು ಗಂಟೆಗೆ ಸೋಫಾದ ಮೇಲೆ ಕೂರಬಹುದು, ಟಿವಿಯ ಮೇಲೆ ಬಿಸಿಲಿನ ಬದಲು ಚಿತ್ರ ಕಾಣುತ್ತದೆ, ಸಂಡಿಗೆ ಮಾತ್ರ ಸರಿಯಾಗಿ ಒಣಗದೆ ಮತ್ತೆ ಟೆರೇಸಿಗೆ ಹೋಗಿದೆ. ಕಾಕಾನ ಲಾವಂಚದ ತಟ್ಟಿಗೆ ಅಸೋಸಿಯೇಷನ್ ಒಪ್ಪಿದ್ದರೆ ಇದಕ್ಕಿಂತ ಅಗ್ಗವಾಗಿ ಇದಕ್ಕಿಂತ ತಂಪಾಗಿರುತ್ತಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ನಿಮ್ಮ ಅಸೋಸಿಯೇಷನ್ನೂ ನಮ್ಮದರಂಥದ್ದೇ ಆಗಿದ್ದು ನೀವೂ ಫಿಲ್ಮ್ ಕೊಳ್ಳಲು ಹೊರಟರೆ, ಪಟ್ಟಿಯ ಕೊನೆಯ ಕಾಲಮ್ಮನ್ನು ಮೊದಲು ಓದಿ. ಬಲ್ಬು ಹೊತ್ತಿಸಲು ಬಂದರೆ ಬೇಡವೆನ್ನಿ. ಪರ್ಸನ್ನು ಹೆಂಡತಿಯ ಕೈಗೆ ಕೊಡಬಹುದು, ಆದರೆ ಪಕ್ಕದಲ್ಲಿ ರಾಯಚೂರಿನವರೊಬ್ಬರು ಇರಲಿ.